ಹೇಳೋದಾ, ಬೇಡವಾ? ಕ್ಯೂರಿಂಗ್ ಬಿಟ್ಟ ಆ ನಾಲ್ಕು ತಿಂಗಳು

ಬೇಲೂರು ಬಸ್ ಸ್ಟ್ಯಾಂಡಿನಲ್ಲಿ ಹಾಸನದ ಬಸ್ಸು ಸ್ವಲ್ಪ ಹೊತ್ತು ನಿಲ್ಲುತ್ತದೆ. 2023ರ ಆಗಸ್ಟ್ 9, ಬುಧವಾರ. ಕಿಟಕಿ ಪಕ್ಕ ಕೂತು, ತೊಡೆ ಮೇಲೆ ಫೈಲು ಇಟ್ಟುಕೊಂಡು, ಮಳೆ ನೋಡುತ್ತಿದ್ದೆ.

"ಏನ್ ಮೇಡಂ, ಇವತ್ತು ಆಫೀಸ್‌ಗೆ ಹೋಗ್ಲಿಲ್ವಾ?"

ಎದೆ ಧಸಕ್ಕೆಂದಿತು. ಕೆಳಗೆ ಕೊಡೆ ಹಿಡಿದು ನಿಂತಿದ್ದವರು ನಾನು ಕೆಲಸಕ್ಕಿದ್ದ ಕಾಫಿ ಕ್ಯೂರಿಂಗ್‌ಗೆ ಕಾಫಿ ಹಾಕುವ ತೋಟವೊಂದರ ರೈಟರು, ಅಂದರೆ ತೋಟದ ಲೆಕ್ಕ ಬರೆಯುವವರು. ಸೀಸನ್‌ನಲ್ಲಿ ವಾರಕ್ಕೊಂದು ಸಲ ನನ್ನ ಟೇಬಲ್ ಮುಂದೆ ಕೂತು ಔಟ್‌ಟರ್ನ್ ಶೀಟು ತಗೊಂಡು ಹೋಗುವವರು. "ರಜ ಹಾಕಿದೀನಿ, ಹಾಸನದಲ್ಲಿ ಸ್ವಲ್ಪ ಕೆಲಸ ಇದೆ" ಅಂದೆ. ಅವರ ಕಣ್ಣು ಫೈಲಿನ ಮೇಲೆ ಹೋಯಿತು, ಆಮೇಲೆ ಇಸ್ತ್ರಿ ಮಾಡಿದ ಸೀರೆಯ ಮೇಲೆ. "ಆಯ್ತಾಯ್ತು, ಹೋಗ್ಬನ್ನಿ" ಅಂದರು. ಬಸ್ಸು ಹೊರಟಿತು. ಹಾಸನ ಬರುವ ತನಕ ನಾನು ಸಂದರ್ಶನಕ್ಕೆ ಅಂತ ಓದಿಕೊಂಡಿದ್ದ ಒಂದಕ್ಷರವೂ ತಲೆಯಲ್ಲಿರಲಿಲ್ಲ. ಧಣಿಗಳಿಗೆ ಈ ಸುದ್ದಿ ಸಂಜೆಗೆ ಮುಟ್ಟುತ್ತದೋ ನಾಳೆಗೆ ಮುಟ್ಟುತ್ತದೋ ಅನ್ನುವುದೊಂದೇ ಯೋಚನೆ.

ಬೇರೆ ಕೆಲಸ ಹುಡುಕುತ್ತಿರುವುದನ್ನು ಇರುವ ಕೆಲಸದ ಯಜಮಾನರಿಗೆ ಹೇಳಬೇಕಾ ಬೇಡವಾ ಅಂತ ಕೇಳಿದರೆ ಬೆಂಗಳೂರಿನಲ್ಲಿರುವ ನನ್ನ ತಮ್ಮ ಒಂದೇ ಮಾತಲ್ಲಿ ಮುಗಿಸಿಬಿಡುತ್ತಾನೆ: "ಹುಚ್ಚಾ ನಿಂಗೆ? ಯಾರಾದ್ರೂ ಹೇಳ್ತಾರಾ?" ಅವನ ಆಫೀಸಿನಲ್ಲಿ ನೂರಾರು ಜನ. ಅವನ ಮ್ಯಾನೇಜರ್‌ಗೆ ನಮ್ಮ ಅಪ್ಪನ ಹೆಸರು ಗೊತ್ತಿಲ್ಲ. ಚಿಕ್ಕಮಗಳೂರಿನಲ್ಲಿ ಹಾಗಲ್ಲ. ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೂ ಊರು ಮುಚ್ಚಿಕೊಳ್ಳುವುದಿಲ್ಲ.

ನಾನಿದ್ದದ್ದು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ. 2015ರ ಮಾರ್ಚ್ 16ಕ್ಕೆ ಸೇರಿದ್ದು. ಕ್ಯೂರಿಂಗ್ ಒಳಗೆ ಏನು ನಡೆಯುತ್ತದೆ ಅಂತ ಕಾಫಿ ಕುಡಿಯುವ ಎಲ್ಲರಿಗೂ ಗೊತ್ತಿರುವುದಿಲ್ಲ. ತೋಟದವರು ಕಣದಲ್ಲಿ ಒಣಗಿಸಿದ ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗಿಸಿದ್ದು) ಅಥವಾ ಚೆರ್ರಿಯನ್ನು (ಹಣ್ಣನ್ನು ಹಾಗೇ ಒಣಗಿಸಿದ್ದು) ಮೂಟೆಯಲ್ಲಿ ತಂದು ಹಾಕುತ್ತಾರೆ. ಮಾಯಿಶ್ಚರ್ ನೋಡಿ, ಮೆಷಿನ್‌ಗೆ ಹಾಕಿ ಸಿಪ್ಪೆ ಬಿಡಿಸಿ, ಜರಡಿಯಲ್ಲಿ ಗಾತ್ರ ಬೇರೆ ಮಾಡಿ, ಕೊನೆಗೆ ಗಾರ್ಬ್ಲಿಂಗ್ ಹೆಂಗಸರು ಕಪ್ಪು ಕಾಳು, ಒಡಕು ಕಾಳು ಆರಿಸಿದ ಮೇಲೆ ಎ, ಬಿ, ಸಿ, ಪಿಬಿ (ದುಂಡನೆಯ ಒಂಟಿ ಕಾಳು) ಅಂತ ಗ್ರೇಡಾಗುತ್ತದೆ. ನೂರು ಕೆಜಿ ಅರೇಬಿಕಾ ಪಾರ್ಚ್‌ಮೆಂಟ್ ಹಾಕಿದರೆ ಹೆಚ್ಚುಕಡಿಮೆ 80 ಕೆಜಿ ಬೀಜ ಸಿಗುತ್ತದೆ. ಚೆರ್ರಿಯಾದರೆ ಅರ್ಧದ ಆಸುಪಾಸು. ಯಾವ ಲಾಟಿನಲ್ಲಿ ಯಾವ ಗ್ರೇಡು ಎಷ್ಟು ಬಂತು ಅಂತ ಬರೆಯುವ ಕಾಗದವೇ ಔಟ್‌ಟರ್ನ್ ಶೀಟು. ಅದನ್ನು ತಯಾರು ಮಾಡುವುದು, ಲೆಕ್ಕ, ಬ್ಯಾಂಕು, ಸಂಬಳ, ಪಿಎಫ್ ಎಲ್ಲ ನನ್ನ ಕೈಯಲ್ಲಿತ್ತು. ವರ್ಷವಿಡೀ ದುಡಿದು ಬೆಳೆದದ್ದನ್ನು ನಮ್ಮ ಗೋಡೌನಿನಲ್ಲಿ ಇಳಿಸಿ ಹೋಗುವ ಬೆಳೆಗಾರ, ನಾವು ಕೊಟ್ಟ ಆ ಒಂದು ಹಾಳೆಯನ್ನು ನಂಬಿ ಮಾರಾಟ ಮಾಡುತ್ತಾನೆ. ಪೂರ್ತಿ ನಂಬಿಕೆಯ ಮೇಲೆ ನಡೆಯುವ ಕಸುಬು ಇದು. ಅಂಥ ಜಾಗದಲ್ಲಿ ಎಂಟು ವರ್ಷ ಕೂತವಳಿಗೆ ಕದ್ದುಮುಚ್ಚಿ ಬೇರೆ ಕಡೆ ಕೆಲಸ ಕೇಳುವುದು ಮೈಗೆ ಒಗ್ಗುವುದಿಲ್ಲ.

ಇನ್ನೊಂದು ಋಣವೂ ಇತ್ತು. 2018ರಲ್ಲಿ ಅಪ್ಪನಿಗೆ ಹೃದಯದ ಆಪರೇಷನ್ ಆಯಿತು. ಧಣಿಗಳು ಕೇಳಿದ ದಿನವೇ 60,000 ರೂಪಾಯಿ ಅಡ್ವಾನ್ಸ್ ಕೊಟ್ಟರು. ತಿಂಗಳಿಗೆ ಎರಡೆರಡು ಸಾವಿರ ಹಿಡಿದುಕೊಂಡು ಮೂವತ್ತು ತಿಂಗಳಲ್ಲಿ ತೀರಿತು. ಒಂದು ದಿನಕ್ಕೂ ಅದನ್ನು ಎತ್ತಿ ಆಡಿದವರಲ್ಲ. ದುಡ್ಡು ತೀರಿತು, ಋಣ ತೀರಿತಾ ಅಂತ ನನಗೆ ಕೊನೆಯವರೆಗೂ ಬಗೆಹರಿಯಲಿಲ್ಲ.

ಹಾಗಿದ್ದ ಮೇಲೆ ಯಾಕೆ ಬಿಟ್ಟೆ? ಮನೆಯವರು ಹಾಸನದಲ್ಲಿ ಕೆಲಸ ಮಾಡುತ್ತಾರೆ. ಎರಡು ವರ್ಷ ದಿನಾ ಬೆಳಿಗ್ಗೆ ಆರೂಕಾಲಿಗೆ ಮನೆ ಬಿಟ್ಟು, ಹೋಗುತ್ತಾ ಅರವತ್ತು, ಬರುತ್ತಾ ಅರವತ್ತು ಕಿಲೋಮೀಟರ್ ಬಸ್ಸಿನಲ್ಲಿ ತಿರುಗಿದರು. ಮಗಳು ಹೈಸ್ಕೂಲಿಗೆ ಬಂದಿದ್ದಳು. ಬಸವನಹಳ್ಳಿಯ ಬಾಡಿಗೆ ಮನೆ ಬಿಟ್ಟು ಹಾಸನಕ್ಕೇ ಹೋಗಿಬಿಡೋಣ ಅಂತ ಮಾತಾಗಿತ್ತು. ಅದರ ಜೊತೆಗೆ, ಮುಚ್ಚಿಡುವುದೇನು, 2021ರ ಮೇಲೆ ನನ್ನ ಸಂಬಳ ಒಂದು ರೂಪಾಯಿ ಏರಿರಲಿಲ್ಲ. ಎರಡು ಸಲ ಕೇಳಿದೆ. "ಸೀಸನ್ ಮುಗೀಲಮ್ಮ, ನೋಡೋಣ" ಅಂದರು. ಸೀಸನ್ ಮುಗಿಯಿತು, ಇನ್ನೊಂದು ಬಂತು.

2023ರ ಜೂನ್‌ನಲ್ಲಿ ಹುಡುಕಲು ಶುರು ಮಾಡಿದೆ. ತಿಂಗಳು ಬೇಕಂತಲೇ ಆರಿಸಿದ್ದು. ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರುವಾಗುತ್ತದೆ, ರೋಬಸ್ಟಾ ಅದರ ಹಿಂದೆಯೇ. ಆಮೇಲೆ ಮೂಟೆ ಬಂದು ಬಿದ್ದರೆ ಮಾರ್ಚ್, ಏಪ್ರಿಲ್ ತನಕ ಉಸಿರಾಡಲು ಪುರುಸೊತ್ತಿಲ್ಲ. ಬಿಡುವುದೇ ಆದರೆ ಅದಕ್ಕೆ ಮೊದಲು ಬಿಡಬೇಕು, ಸೀಸನ್ ಮಧ್ಯೆ ಕೈಕೊಡಬಾರದು ಅಂತ ನನಗೆ ನಾನೇ ಹಾಕಿಕೊಂಡ ಗೆರೆ. ನಾನು ಈವರೆಗೂ ತಪ್ಪಿಲ್ಲ ಅಂತ ಧೈರ್ಯವಾಗಿ ಹೇಳಬಹುದಾದ ನಿರ್ಧಾರ ಅದೊಂದೇ.

ಹೇಳಬೇಕಾ ಬೇಡವಾ ಅನ್ನುವುದಕ್ಕೆ ನನ್ನ ಕಣ್ಣೆದುರಿಗೇ ಎರಡು ಉದಾಹರಣೆ ಇದ್ದವು.

ಲ್ಯಾಬಿನಲ್ಲಿ ಸ್ಯಾಂಪಲ್ ನೋಡುತ್ತಿದ್ದ ಹುಡುಗನೊಬ್ಬ ಬಲು ಪ್ರಾಮಾಣಿಕ. ಕುಶಾಲನಗರದ ಕಡೆ ಒಂದು ಕೆಲಸ ಬಾಯಿಮಾತಿನಲ್ಲಿ ಸಿಕ್ಕಿತ್ತು. "ಸರ್‌ಗೆ ಮೊದ್ಲೇ ಹೇಳ್ಬೇಕು ಅಕ್ಕ, ಅವ್ರು ಬೇರೆಯವ್ರನ್ನ ನೋಡ್ಕೊಳ್ಲಿ" ಅಂತ ಹೇಳಿಬಿಟ್ಟ. ಮಾರನೇ ದಿನದಿಂದ ಸ್ಯಾಂಪಲ್ ರೂಮಿನ ಬೀಗದಕೈ ಬೇರೆಯವರ ಕೈಗೆ ಹೋಯಿತು. ಒಂದು ವಾರಕ್ಕೆ ಹೊಸಬ ಬಂದ. ಎರಡು ವಾರಕ್ಕೆ ಕುಶಾಲನಗರದವರು "ಈ ವರ್ಷ ಬೇಡ ಅಂತ ಆಗಿದೆ" ಅಂದರು. ಹುಡುಗನನ್ನು ಯಾರೂ ತೆಗೆದುಹಾಕಲಿಲ್ಲ. ಐದು ತಿಂಗಳು ಗೋಡೌನಿನಲ್ಲಿ ಮೂಟೆ ಎಣಿಸಿಕೊಂಡು ಇದ್ದ. ಮಧ್ಯಾಹ್ನ ಊಟಕ್ಕೆ ನಮ್ಮ ಜೊತೆ ಕೂರುವುದನ್ನೂ ಬಿಟ್ಟಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಅಂತ ನಮ್ಮತ್ತೆ ಮಾತುಮಾತಿಗೆ ಹೇಳುತ್ತಾರೆ. ಅದರ ಅರ್ಥ ನನಗೆ ತಿಳಿದದ್ದು ಆ ಹುಡುಗನ ಮುಖ ನೋಡಿದಾಗ.

ಇನ್ನೊಬ್ಬರು ಏನೂ ಹೇಳದೆ ಹೋದವರು. ಸಂದರ್ಶನಕ್ಕೆ ಹೋದ ದಿನ ಅಜ್ಜಿಗೆ ಹುಷಾರಿಲ್ಲ ಅಂದಿದ್ದರು. ಆ ಭಾನುವಾರ ಮದುವೆ ಮನೆಯೊಂದರಲ್ಲಿ ಅಜ್ಜಿಯೇ ಧಣಿಗಳ ಪಕ್ಕದ ಎಲೆಗೆ ಊಟಕ್ಕೆ ಕೂತಿದ್ದರು. ಕೆಲಸವೇನೋ ಅವರಿಗೆ ಸಿಕ್ಕಿತು. ಆದರೆ ಆರು ವರ್ಷ ಮಾಡಿದ ಕೆಲಸವನ್ನು ನೆನೆಯುವವರು ಇವತ್ತು ನಮ್ಮಲ್ಲಿ ಯಾರೂ ಇಲ್ಲ. ಅಜ್ಜಿಯ ವಿಷಯ ಮಾತ್ರ ಎಲ್ಲರಿಗೂ ನೆನಪಿದೆ.

ಹಾಗಾಗಿ ರಜೆ ಚೀಟಿಯಲ್ಲಿ ನಾನು ಬರೆದದ್ದು "ವೈಯಕ್ತಿಕ ಕೆಲಸ" ಅಂತ ಎರಡೇ ಪದ. ನನ್ನ ಹಕ್ಕಿನ ರಜ, ಕಾರಣಕ್ಕೆ ಕಥೆ ಕಟ್ಟಬೇಕಾಗಿಲ್ಲ.

ಕೆಲಸ ಹುಡುಕುವ ಆ್ಯಪ್‌ಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನೌಕ್ರಿಯಲ್ಲಿ ರೆಸ್ಯೂಮೆ ಹಾಕುವಾಗ ಇಂಥ ಕಂಪನಿಗೆ ಕಾಣಿಸಬಾರದು ಅಂತ ಬ್ಲಾಕ್ ಮಾಡಬಹುದು. ಲಿಂಕ್ಡ್‌ಇನ್‌ನಲ್ಲಿ ಕೆಲಸ ಬೇಕು ಅನ್ನುವುದನ್ನು ಎಲ್ಲರಿಗೂ ತೋರಿಸದೆ ಕೆಲಸಕ್ಕೆ ಜನ ಹುಡುಕುವವರಿಗಷ್ಟೇ ತೋರಿಸುವ ಆಯ್ಕೆ ಇದೆ. ನಿಮ್ಮ ಕಂಪನಿಯವರಿಗೆ ಕಾಣದಂತೆ ನೋಡಿಕೊಳ್ಳುತ್ತೇವೆ, ಆದರೆ ಪೂರ್ತಿ ಖಾತ್ರಿ ಇಲ್ಲ ಅಂತ ಅವರೇ ಬರೆದಿರುತ್ತಾರೆ. ಎರಡನ್ನೂ ಮಾಡಿದೆ. ನಮ್ಮ ಕಡೆ ಲೆಕ್ಕಪತ್ರದ ಕೆಲಸ ಆ್ಯಪಿನಲ್ಲಿ ಸಿಗುವುದು ಅಪರೂಪ, ಬಾಯಿಂದ ಬಾಯಿಗೆ ಬರುತ್ತದೆ. ನನಗೂ ಬಂದದ್ದು ಹಾಗೇ, ಮನೆಯವರ ಸ್ನೇಹಿತರಿಂದ. ಹಾಸನದ ಕೈಗಾರಿಕಾ ಪ್ರದೇಶದಲ್ಲಿರುವ, ಕಾಫಿ ಕೊಂಡು ರಫ್ತು ಮಾಡುವ ಒಂದು ಕಂಪನಿ. ಅದೇ ಕಸುಬು, ಅದೇ ಜನ. ಎರಡೂ ಕಡೆಯ ಯಜಮಾನರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವಷ್ಟು ಪರಿಚಯ.

ರೆಸ್ಯೂಮೆಯನ್ನು ಆಫೀಸ್ ಪ್ರಿಂಟರ್‌ನಲ್ಲಿ ತೆಗೆಯಲಿಲ್ಲ. ಐ.ಜಿ. ರಸ್ತೆಯ ಒಂದು ಝೆರಾಕ್ಸ್ ಅಂಗಡಿಗೆ ಹೋದೆ. ಮೊದಲ ಕಾಪಿ ಮಸಿ ಹರಡಿ ಹಾಳಾಯಿತು. ಅಂಗಡಿಯವರು ಅದನ್ನು ತಿರುಗಿಸಿ, ಹಿಂಬದಿ ಖಾಲಿ ಇದೆಯಲ್ಲ, ಲೆಕ್ಕ ಬರೆಯಲಿಕ್ಕೆ ಆಗುತ್ತದೆ ಅಂತ ಕ್ಲಿಪ್ ಬೋರ್ಡಿಗೆ ಸಿಕ್ಕಿಸಿದರು. ನನ್ನ ಹೆಸರು, ಫೋಟೋ, "ಈಗ ಕೆಲಸ ಮಾಡುತ್ತಿರುವ ಸಂಸ್ಥೆ" ಅನ್ನುವ ಸಾಲು, ಎಲ್ಲ ಆ ಬೋರ್ಡಿನ ಹಿಂದೆ. ಆ ಅಂಗಡಿಗೆ ದಿನಕ್ಕೆ ಎಷ್ಟು ಜನ ಪ್ಲಾಂಟರುಗಳು ಆರ್‌ಟಿಸಿ ಝೆರಾಕ್ಸ್ ಮಾಡಿಸಲು ಬರುತ್ತಾರೋ! "ಅಣ್ಣ, ಅದನ್ನೂ ಕೊಡಿ, ದುಡ್ಡು ಕೊಡ್ತೀನಿ" ಅಂತ ಇಸಿದುಕೊಂಡು ಬ್ಯಾಗಿಗೆ ಹಾಕಿದೆ.

ಹಾಸನದವರು ಮೂರು ತಿಂಗಳ ಪೇ ಸ್ಲಿಪ್ ತರಲು ಹೇಳಿದ್ದರು. ಇಲ್ಲಿ ನನ್ನ ಕಷ್ಟ ಬೇರೆಯೇ. ನಮ್ಮಲ್ಲಿ ಪೇ ಸ್ಲಿಪ್ ಮಾಡುವವಳೇ ನಾನು. ಸಂಸ್ಥೆಯ ಸೀಲು ನನ್ನ ಡ್ರಾಯರ್‌ನಲ್ಲಿ, ಬಲಗಡೆ, ಸ್ಟ್ಯಾಂಪ್ ಪ್ಯಾಡಿನ ಪಕ್ಕ ಇರುತ್ತಿತ್ತು. ಮರದ ಹಿಡಿ, ಎಂಟು ವರ್ಷ ಕೈ ತಾಗಿ ನುಣುಪಾದದ್ದು. ಆಗಸ್ಟ್ 8ರ ಸಂಜೆ ಎಲ್ಲರೂ ಹೋದ ಮೇಲೆ ಮೂರು ಸ್ಲಿಪ್ ಟೈಪ್ ಮಾಡಿ, ಪ್ರಿಂಟ್ ಕೊಡದೆ ಸ್ಕ್ರೀನ್ ನೋಡುತ್ತ ಕೂತೆ. ಅದರಲ್ಲಿ ಒಂದು ಅಂಕಿಯೂ ಸುಳ್ಳಿರಲಿಲ್ಲ. ಬೇರೆ ಯಾರಾದರೂ ಬ್ಯಾಂಕ್ ಲೋನಿಗೆ ಅಂತ ಕೇಳಿದ್ದರೆ ಎರಡು ನಿಮಿಷದಲ್ಲಿ ಸೀಲು ಒತ್ತಿ, ಧಣಿಗಳ ಸಹಿ ಹಾಕಿಸಿ ಕೊಡುತ್ತಿದ್ದೆ. ಆದರೆ ಸೀಲು ಅವರದು, ಅದನ್ನು ಅವರ ಕೆಲಸಕ್ಕೆ ಅಂತ ನನ್ನ ಕೈಗೆ ಕೊಟ್ಟಿದ್ದರು. ಅವರಿಗೆ ಗೊತ್ತಿಲ್ಲದೆ ನನ್ನ ಕೆಲಸಕ್ಕೆ ಒತ್ತುವುದು ಸರಿ ಕಾಣಲಿಲ್ಲ. ಫೈಲ್ ಸೇವ್ ಮಾಡದೆ ಮುಚ್ಚಿದೆ, ಡ್ರಾಯರ್‌ಗೆ ಬೀಗ ಹಾಕಿದೆ.

ಅದರ ಬದಲು ನನ್ನದೇ ಆದ ಕಾಗದಗಳನ್ನು ತೆಗೆದುಕೊಂಡು ಹೋದೆ: ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು, 2015ರ ಅಪಾಯಿಂಟ್‌ಮೆಂಟ್ ಲೆಟರು, ಪಿಎಫ್ ಪಾಸ್‌ಬುಕ್ಕು. ಪಾಸ್‌ಬುಕ್ಕನ್ನು ಇಪಿಎಫ್‌ಓ ವೆಬ್‌ಸೈಟಿನಿಂದ ನಾವೇ ಇಳಿಸಿಕೊಳ್ಳಬಹುದು, ಯಾರ ಸಹಿಯೂ ಬೇಡ. ಎಲ್ಲಿ, ಯಾವ ತಿಂಗಳಿಂದ ಕೆಲಸ, ಎಷ್ಟು ಸಂಬಳದ ಮೇಲೆ ಎಷ್ಟು ಕಟ್ಟಿದ್ದಾರೆ ಅನ್ನುವುದೆಲ್ಲ ಅದರಲ್ಲಿ ಇರುತ್ತದೆ. ಪೇ ಸ್ಲಿಪ್‌ಗಾಗಿ ಒದ್ದಾಡುವವರು ಇದನ್ನು ಮರೆಯಬಾರದು.

ಸಂದರ್ಶನ ಚೆನ್ನಾಗಿಯೇ ನಡೆಯಿತು. ಕೊನೆಗೆ ಅಲ್ಲಿನ ಹಿರಿಯರೊಬ್ಬರು ನಗುತ್ತಾ, "ನಿಮ್ ಯಜಮಾನ್ರು ನಂಗೆ ಚೆನ್ನಾಗ್ ಗೊತ್ತು. ಒಂದ್ ಮಾತು ಫೋನ್ ಮಾಡಿ ಕೇಳ್ಲಾ?" ಅಂದರು. ಈ ಪ್ರಶ್ನೆ ಬರುತ್ತದೆ ಅಂತ ಗೊತ್ತಿದ್ದರಿಂದ ಉತ್ತರ ಸಿದ್ಧವಿತ್ತು. "ದಯವಿಟ್ಟು ಈಗ ಬೇಡ ಸರ್. ನೀವು ಲೆಟರ್ ಕೊಟ್ಟ ದಿನ ನಾನೇ ಅವರಿಗೆ ಹೇಳ್ತೀನಿ. ಆಮೇಲೆ ನೀವು ಏನು ಬೇಕಾದ್ರೂ ಕೇಳಿ, ನನ್ನ ಅಭ್ಯಂತರ ಇಲ್ಲ." ಅವರು ತಲೆಯಾಡಿಸಿ ಕಾಗದದ ಅಂಚಿನಲ್ಲಿ ಏನೋ ಗುರುತು ಹಾಕಿಕೊಂಡರು. ಇದನ್ನು ಬಾಯಿ ಬಿಟ್ಟು ಹೇಳಲೇಬೇಕು. ಅವರೇ ಅರ್ಥ ಮಾಡಿಕೊಳ್ಳುತ್ತಾರೆ ಅಂತ ಬಿಟ್ಟರೆ, ಒಳ್ಳೇ ಮನಸ್ಸಿನಿಂದಲೇ ಒಂದು ಫೋನ್ ಹೋಗಿಬಿಡುತ್ತದೆ.

ಆಮೇಲೆ ಕಾಯುವುದು. ಗೇಟಿನಲ್ಲಿ ಧಣಿಗಳ ಜೀಪಿನ ಸದ್ದಾದರೆ ಸಾಕು, ಇವತ್ತು ಕೇಳುತ್ತಾರೆ ಅನ್ನಿಸುತ್ತಿತ್ತು. ನಾನೇ ಹೋಗಿ ಹೇಳಿಬಿಡಲಾ ಅಂತ ಎರಡು ಸಲ ಅವರ ರೂಮಿನ ಬಾಗಿಲವರೆಗೂ ಹೋಗಿ ಬಂದೆ. ಹೇಳುವುದಾದರೂ ಏನು? ಕೈಯಲ್ಲಿ ಏನೂ ಇಲ್ಲ. "ನಿಮ್ಮನ್ನು ಬಿಡಬೇಕು ಅಂತ ಇದೀನಿ, ಆದ್ರೆ ಇನ್ನೂ ಬಿಟ್ಟಿಲ್ಲ" ಅನ್ನುವ ಮಾತು ಅವರಿಗೂ ಭಾರ, ನನಗೂ ಭಾರ. ಲ್ಯಾಬಿನ ಹುಡುಗ ಕಣ್ಣ ಮುಂದೆ ಬರುತ್ತಿದ್ದ.

ಆ ದಿನಗಳಲ್ಲಿ ನಾನು ಒಂದು ತೀರ್ಮಾನಕ್ಕೆ ಬಂದೆ. ಹುಡುಕುತ್ತಿದ್ದೇನೆ ಅಂತ ನಾನಾಗಿ ಹೇಳಬೇಕಾಗಿಲ್ಲ, ಅದು ನನ್ನ ಮನೆಯ ವಿಷಯ. ಸಿಕ್ಕಿದೆ ಅನ್ನುವುದನ್ನು ಮಾತ್ರ ಅವರು ಮೂರನೆಯವರ ಬಾಯಿಂದ ಕೇಳಬಾರದು. ಇವೆರಡರ ಮಧ್ಯೆ ಅವರೇ ಮುಖ ನೋಡಿ ಕೇಳಿದರೆ ಸುಳ್ಳು ಹೇಳುವುದಿಲ್ಲ. ಯಾರೂ ಹೇಳಿಕೊಟ್ಟಿದ್ದಲ್ಲ. ತಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವನು ಒಪ್ಪಲೂ ಇಲ್ಲ.

ಕೇಳಿದ್ದು ಆಗಸ್ಟ್ ಕೊನೆಯ ಸೋಮವಾರ. ಚೆಕ್ಕುಗಳಿಗೆ ಸಹಿ ಹಾಕಿಸಲು ಹೋಗಿದ್ದೆ. ಮೂರು ಚೆಕ್ಕಿಗೆ ಸಹಿ ಹಾಕಿ, ನಾಲ್ಕನೆಯದರ ಮೇಲೆ ಪೆನ್ನು ಇಟ್ಟು, ತಲೆ ಎತ್ತದೆ ಕೇಳಿದರು.

"ಏನಮ್ಮ, ಹಾಸನಕ್ಕೆ ಹೋಗಿದ್ಯಂತೆ?"

ಕಾಲು ಸಣ್ಣಗೆ ನಡುಗುತ್ತಿತ್ತು. "ಹೌದು ಸರ್. ಒಂದು ಕೆಲಸ ಕೇಳೋಕೆ ಹೋಗಿದ್ದೆ. ಇನ್ನೂ ಏನೂ ಗಟ್ಟಿ ಆಗಿಲ್ಲ. ಗಟ್ಟಿ ಆದ್ರೆ ಅವತ್ತೇ ನಿಮಗೆ ಹೇಳ್ತೀನಿ. ಸೀಸನ್ ಮಧ್ಯೆ ಬಿಟ್ಟು ಹೋಗಲ್ಲ."

ಅವರು ಸಹಿ ಹಾಕಿದರು. ಚೆಕ್ ಬುಕ್ ಮುಚ್ಚಿ ನನ್ನ ಕಡೆ ತಳ್ಳಿದರು. "ಹೂಂ" ಅಂದರು. ಅಷ್ಟೇ. ಯಾರು ಹೇಳಿದರು ಅಂತ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಬೇಲೂರಿನ ಕೊಡೆ ನೆನಪಾಯಿತು.

ಹೇಳಿದ್ದಕ್ಕೆ ಬೆಲೆ ಇರಲಿಲ್ಲ ಅಂತ ಅಲ್ಲ. ಆ ವಾರವೇ ಬ್ಯಾಂಕಿನ ಓಟಿಪಿ ಬರುವ ಆಫೀಸ್ ಮೊಬೈಲು ನನ್ನ ಟೇಬಲ್‌ನಿಂದ ಅವರ ರೂಮಿಗೆ ಹೋಯಿತು. ಸೆಪ್ಟೆಂಬರ್ ಮೊದಲ ವಾರ ಬಿಕಾಂ ಮುಗಿಸಿದ ಒಬ್ಬ ಹುಡುಗ ನನ್ನ ಪಕ್ಕ ಕುರ್ಚಿ ಹಾಕಿಕೊಂಡು ಟ್ಯಾಲಿ ನೋಡತೊಡಗಿದ. "ಮೇಡಂ ಹತ್ರ ಕಲ್ತ್ಕೋ" ಅಂತಷ್ಟೇ ಹೇಳಿದ್ದರಂತೆ. ಮೊಬೈಲು ತೆಗೆದುಕೊಂಡು ಹೋದ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಎಂಟು ವರ್ಷದಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆ ಮಾಡಿದವಳಲ್ಲ. ಮನೆಗೆ ಬಂದು ಅತ್ತೆ ಮುಂದೆ ಅತ್ತುಬಿಟ್ಟೆ. ಈಗ ಯೋಚಿಸಿದರೆ ಅವರದು ತಪ್ಪಲ್ಲ. ಅಷ್ಟು ದೊಡ್ಡ ಮೊತ್ತ ಓಡಾಡುವ ಖಾತೆ ಇಟ್ಟುಕೊಂಡವರು, ನಾಳೆ ಇರುತ್ತೇನೋ ಇಲ್ಲವೋ ಅನ್ನುವವಳ ಕೈಯಲ್ಲಿ ಬಿಡಲು ಆಗುವುದಿಲ್ಲ. ಆದರೂ ಅವತ್ತಿನ ನೋವು ನಿಜವಾದದ್ದೇ. ಮುಂಚೆಯೇ ಹೇಳಬೇಕು ಅಂದುಕೊಳ್ಳುವವರು ಇದಕ್ಕೂ ತಯಾರಾಗಿರಬೇಕು.

ಸೆಪ್ಟೆಂಬರ್ 11ಕ್ಕೆ ಹಾಸನದಿಂದ ಫೋನ್ ಬಂತು. "ಸೆಲೆಕ್ಟ್ ಆಗಿದೀರಿ. ಅಲ್ಲಿ ರಿಸೈನ್ ಮಾಡಿಬಿಡಿ, ಲೆಟರ್ ಕಳಿಸ್ತೀವಿ." ಖುಷಿಗೆ ಕಣ್ಣು ತುಂಬಿತು. ಆದರೂ ರಾಜೀನಾಮೆ ಬರೆಯಲಿಲ್ಲ. ಸಂಬಳ, ಹುದ್ದೆ, ಸೇರುವ ತಾರೀಕು ಬರೆದು ಲೆಟರ್‌ಹೆಡ್ಡಿನಲ್ಲಿ ಸಹಿಯಾದ ಕಾಗದ ಬರಲಿ ಅಂತ ಕಾದೆ. ಒಂಬತ್ತು ದಿನ. ಮಧ್ಯೆ ಗೌರಿ ಬಂದಳು, ಗಣೇಶ ಬಂದ. ಮನೆಯವರು "ಇಷ್ಟೊಂದು ಅನುಮಾನ ಯಾಕೆ" ಅಂದರು. ಅನುಮಾನ ಅಲ್ಲ, ಗೋಡೌನಿನಲ್ಲಿ ಮೂಟೆ ಎಣಿಸುತ್ತಿದ್ದ ಹುಡುಗನನ್ನು ನಾನು ನೋಡಿದ್ದೆ. 20ನೇ ತಾರೀಕು ಸಂಜೆ ಇಮೇಲ್ ಬಂತು: ತಿಂಗಳಿಗೆ 31,000, ನವೆಂಬರ್ 1ರಂದು ಸೇರಬೇಕು. ನನಗೆ ಇಲ್ಲಿ ಎಲ್ಲ ಸೇರಿ 23,000 ಬರುತ್ತಿತ್ತು.

ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ಒಂದು ತಿಂಗಳ ನೋಟಿಸ್ ಅಥವಾ ಒಂದು ತಿಂಗಳ ಸಂಬಳ ಅಂತ ಇತ್ತು. ಒಂದೇ ಪುಟದ ಆ ಕಾಗದವನ್ನು ಎಂಟು ವರ್ಷದಲ್ಲಿ ಯಾರೂ ತೆಗೆದು ನೋಡಿರಲಿಲ್ಲ. ಮೊದಲು ಅದನ್ನು ಹುಡುಕಿ ಓದಿ, ಆಮೇಲೆ ಹೊಸ ಕಡೆ ಸೇರುವ ದಿನ ಒಪ್ಪಿಕೊಳ್ಳಬೇಕು. ಉಲ್ಟಾ ಮಾಡಿದರೆ ಎರಡು ಕಡೆಯೂ ಮಾತು ತಪ್ಪಿದಂತಾಗುತ್ತದೆ.

ಶುಕ್ರವಾರ, ಸೆಪ್ಟೆಂಬರ್ 22. ಬೆಳಿಗ್ಗೆ ಅವರು ಬಂದು ದೇವರ ಫೋಟೋಗೆ ಊದುಬತ್ತಿ ಹಚ್ಚುವುದನ್ನೇ ಕಾದು ಒಳಗೆ ಹೋದೆ. ಲೆಟರ್ ಅನ್ನು ಮೊದಲು ಕೊಡಲಿಲ್ಲ, ಬಾಯಲ್ಲಿ ಹೇಳಿದೆ. "ಸರ್, ಅವತ್ತು ಹೇಳಿದ್ನಲ್ಲ, ಆ ಕೆಲಸ ಆಯ್ತು. ಮೊದಲು ನಿಮಗೇ ಹೇಳ್ತಿದೀನಿ. ಇಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೂತ್ಕೋ" ಅಂದರು. ಎಂಟು ವರ್ಷದಲ್ಲಿ ಆ ರೂಮಿನಲ್ಲಿ ನಾನು ಕೂತದ್ದು ಅಪ್ಪನ ಆಪರೇಷನ್ ವಿಷಯ ಹೇಳಿದ ದಿನ ಒಂದೇ. "ಎಷ್ಟು ಕೊಡ್ತಾರೆ?" ಹೇಳಿದೆ. "ನಾನು ಐದು ಸಾವಿರ ಜಾಸ್ತಿ ಮಾಡ್ತೀನಿ. ಇರು."

ಇಲ್ಲಿ ನನ್ನ ಮನಸ್ಸು ಅಲ್ಲಾಡಿದ್ದು ಸುಳ್ಳಲ್ಲ. 28,000, ಮನೆ ಬದಲಿಸುವ ತಾಪತ್ರಯ ಇಲ್ಲ, ಗೊತ್ತಿರುವ ಜನ. ಆದರೆ ಅದೇ ಐದು ಸಾವಿರ ಎರಡು ಸಲ ಕೇಳಿದಾಗ ಇರಲಿಲ್ಲ, ಬೇರೆಯವರ ಕಾಗದ ಕೈಯಲ್ಲಿ ಹಿಡಿದು ನಿಂತಾಗ ಬಂತು. ಉಳಿದರೆ ಪ್ರತಿ ವರ್ಷ ಹೀಗೇ ಒಂದು ಕಾಗದ ಹಿಡಿದು ನಿಲ್ಲಬೇಕಾ? ಮಗಳ ಶಾಲೆ, ಮನೆಯವರ ಓಡಾಟ ಅದರಿಂದ ಬಗೆಹರಿಯುತ್ತದಾ? ಅವರಿಗೆ ಮನೆಯ ಕಾರಣವನ್ನಷ್ಟೇ ಹೇಳಿದೆ. ಸಂಬಳದ ಮಾತು ಎತ್ತಲಿಲ್ಲ. ಹೋಗುವ ದಿನ ಹಳೇ ಲೆಕ್ಕ ತೆಗೆದು ಏನೂ ಆಗಬೇಕಾಗಿಲ್ಲ ಅಂತ ಆಗ ಅನ್ನಿಸಿತು. ಹೇಳಿದ್ದರೆ ನನ್ನ ನಂತರ ಬಂದ ಹುಡುಗನಿಗಾದರೂ ಉಪಯೋಗವಾಗುತ್ತಿತ್ತೇನೋ ಅಂತ ಈಗ ಅನ್ನಿಸುತ್ತದೆ.

ಕೊನೆಗೆ ಅವರು ಒಂದು ಮಾತು ಕೇಳಿದರು. "ನಮ್ ಪ್ಲಾಂಟರ್‌ಗಳನ್ನ ಅಲ್ಲಿಗೆ ಎಳ್ಕೊಂಡು ಹೋಗಲ್ಲ ತಾನೇ?"

ಕಾನೂನು ನನಗೆ ಅಲ್ಪಸ್ವಲ್ಪ ಗೊತ್ತಿತ್ತು. ಕೆಲಸ ಬಿಟ್ಟ ಮೇಲೆ ಇಂಥ ಕಡೆ ಸೇರಬಾರದು ಅಂತ ಮೊದಲೇ ಬರೆಸಿಕೊಂಡಿದ್ದರೂ ಅದು 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಊರ್ಜಿತವಲ್ಲ. ಹಾಗಂತ ಸಂಸ್ಥೆಯ ಗುಟ್ಟು, ಗಿರಾಕಿಗಳ ಪಟ್ಟಿ ಹೊತ್ತುಕೊಂಡು ಹೋಗಬಹುದು ಅಂತ ಅರ್ಥವಲ್ಲ, ಅದು ಬೇರೆಯೇ ವಿಷಯ. ಅವರ ಮುಂದೆ ಸೆಕ್ಷನ್ ಹೇಳಲಿಲ್ಲ. "ನನ್ನ ಫೋನಲ್ಲಿರೋ ನಂಬರ್ ಎಲ್ಲ ಆಫೀಸ್ ಪುಸ್ತಕಕ್ಕೆ ಬರೆದುಕೊಟ್ಟು ಅಳಿಸ್ತೀನಿ ಸರ್" ಅಂದೆ. ಹಾಗೇ ಮಾಡಿದೆ. ಬೇಲೂರಿನಲ್ಲಿ ಸಿಕ್ಕಿದ ರೈಟರ ನಂಬರ್ ಸಮೇತ.

ಆ ಒಂದು ತಿಂಗಳು ನನ್ನ ಎಂಟು ವರ್ಷದಲ್ಲೇ ಅತಿ ಹೆಚ್ಚು ಕೆಲಸ ಮಾಡಿದ ತಿಂಗಳು. ಒಂದು ಇನ್ನೂರು ಪುಟದ ಪುಸ್ತಕ ತಂದು ಹುಡುಗನಿಗೆ ಎಲ್ಲ ಬರೆದುಕೊಟ್ಟೆ. ಯಾವ ಲಾಟ್ ಬಾಕಿ ಇದೆ, ಯಾವ ತೋಟದವರಿಗೆ ಗ್ರೇಡ್ ಬಿಡಿಸಿ ಫೋನಿನಲ್ಲೇ ಓದಿ ಹೇಳಬೇಕು, ಪಿಎಫ್ ಪ್ರತಿ ತಿಂಗಳು 15ರೊಳಗೆ ಕಟ್ಟಬೇಕು. ಓಟಿ, ಅಂದರೆ ಔಟ್‌ಟರ್ನ್ ಲೆಕ್ಕದಲ್ಲಿ ಅವನು ಮೊದಲು ತಪ್ಪುತ್ತಿದ್ದ. ಐವತ್ತು ಕೆಜಿ ಚೆರ್ರಿ ಮೂಟೆಯಲ್ಲಿ 26 ಕೆಜಿ ಬೀಜ ಬಂದರೆ ಓಟಿ 26, 28 ಬಂದರೆ 28, ಆ ಎರಡು ಕೆಜಿ ಒಬ್ಬ ಬೆಳೆಗಾರನ ವರ್ಷದ ಗೊಬ್ಬರದ ದುಡ್ಡು, ಅದಕ್ಕೇ ಎರಡು ಸಲ ನೋಡು ಅಂತ ಹೇಳಿದ್ದು ಅವನಿಗೆ ನೆನಪಿದೆಯಂತೆ.

ಗ್ರಾಚ್ಯುಟಿ ವಿಷಯದಲ್ಲಿ ಒಂದು ಎಡವಟ್ಟಾಯಿತು. ಆಡಿಟರ್ ಆಫೀಸಿನಿಂದ 84,000 ಅಂತ ಲೆಕ್ಕ ಬಂತು, ಎಂಟು ವರ್ಷಕ್ಕೆ. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆ ಪ್ರಕಾರ ಐದು ವರ್ಷ ಪೂರೈಸಿದವರಿಗೆ ವರ್ಷಕ್ಕೆ ಹದಿನೈದು ದಿನದ ಸಂಬಳ, ತಿಂಗಳಿಗೆ 26 ದಿನ ಅಂತ ಹಿಡಿದು. ಕೊನೆಯ ವರ್ಷದಲ್ಲಿ ಆರು ತಿಂಗಳು ದಾಟಿದ್ದರೆ ಅದನ್ನೂ ಪೂರ್ತಿ ವರ್ಷ ಅಂತಲೇ ಎಣಿಸಬೇಕಿತ್ತು. ನನ್ನದು ಎಂಟು ವರ್ಷ ಏಳು ತಿಂಗಳು. ಮೂಲ ವೇತನ, ಡಿಎ ಸೇರಿ 18,200. ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿದರೆ 10,500. ಒಂಬತ್ತು ವರ್ಷಕ್ಕೆ 94,500. ಕಾಗದದಲ್ಲಿ ಬರೆದು ಧಣಿಗಳ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ನೋಡಿ, ಆಡಿಟರ್‌ಗೆ ಫೋನ್ ಮಾಡಿ, "ಹುಡುಗಿ ಹೇಳಿದ್ದು ಸರಿ ಇದೆಯಲ್ರೀ" ಅಂದರು. ಹಣ ಮೂವತ್ತು ದಿನದೊಳಗೆ ಬಂತು. ಜಗಳ ಮಾಡಿಕೊಂಡು ಹೊರಟಿದ್ದರೆ ಆ ಕನ್ನಡಕ ಹಾಕಿಕೊಳ್ಳುತ್ತಿದ್ದರೋ ಇಲ್ಲವೋ.

ಪಿಎಫ್ ದುಡ್ಡು ತೆಗೆಯಲಿಲ್ಲ. ಹೊಸ ಕಡೆಗೆ ಅದೇ ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ನಂಬರು) ಕೊಟ್ಟು ವರ್ಗಾವಣೆ ಮಾಡಿಸಿದೆ. ಹತ್ತು ವರ್ಷ ಸೇವೆ ಆದರೆ ಪಿಂಚಣಿಗೆ ಅರ್ಹತೆ ಬರುತ್ತದೆ, ಎಂಟೂವರೆ ವರ್ಷದ ಹತ್ತಿರ ನಿಂತು ಅದನ್ನು ಒಡೆಯುವುದು ಬುದ್ಧಿವಂತಿಕೆಯಲ್ಲ. ಬಿಟ್ಟ ತಾರೀಕನ್ನು ಹಳೆಯ ಸಂಸ್ಥೆಯವರು ಪೋರ್ಟಲ್‌ನಲ್ಲಿ ಹಾಕಬೇಕು. ಹಾಕದಿದ್ದರೆ ಎರಡು ತಿಂಗಳಾದ ಮೇಲೆ ನಾವೇ ಹಾಕಿಕೊಳ್ಳಬಹುದು. ನನ್ನದನ್ನು ಆ ಹುಡುಗನೇ ಹಾಕಿದ, ನಾನು ಕಲಿಸಿದ ಮೊದಲ ಕೆಲಸ ಅದು ಅಂತ ಫೋನ್ ಮಾಡಿ ಹೇಳಿದ.

ಕೊನೆಯ ದಿನ ಅಕ್ಟೋಬರ್ 21, ಶನಿವಾರ. ಆಯುಧಪೂಜೆಗೆ ಎರಡು ದಿನ ಬಾಕಿ. ಮೆಷಿನ್‌ಗಳನ್ನು ತೊಳೆದು ಒರೆಸುತ್ತಿದ್ದರು. ರಿಲೀವಿಂಗ್ ಲೆಟರ್ ಕೈಗೆ ಬಂತು. ತಾರೀಕು, ಹೆಸರಿನ ಇನಿಷಿಯಲ್ಲು ಎರಡು ಸಲ ನೋಡಿಕೊಂಡೆ. ಸೀಲು ಈ ಸಲ ಧಣಿಗಳೇ ಒತ್ತಿದ್ದರು, ಸ್ವಲ್ಪ ಓರೆಯಾಗಿತ್ತು. "ಸೋಮವಾರ ಪೂಜೆಗೆ ಬಾ, ಮಗೂನೂ ಕರ್ಕೊಂಡು ಬಾ" ಅಂದರು.

ಮಧ್ಯಾಹ್ನ ಊಟಕ್ಕೆ ಗಾರ್ಬ್ಲಿಂಗ್ ಹಾಲಿನ ಹಿಂದಿನ ಜಗುಲಿಗೆ ಹೋದೆ. ಗಾರ್ಬ್ಲಿಂಗ್ ನೋಡಿಕೊಳ್ಳುವ ಅಕ್ಕ ಮತ್ತು ನಾನು ಎಂಟು ವರ್ಷ ಅಲ್ಲೇ ಡಬ್ಬಿ ಬಿಚ್ಚಿದವರು. ಮಗಳು ಹುಟ್ಟುಹಬ್ಬಕ್ಕೆ ಯಾವ ಬಣ್ಣದ ಫ್ರಾಕ್ ಕೇಳಿದ್ದಾಳೆ ಅನ್ನುವುದೂ ಅವರಿಗೆ ಗೊತ್ತಿರುತ್ತಿತ್ತು. ಅವರಿಗೆ ನಾನು ಹೇಳಿದ್ದು ಸೆಪ್ಟೆಂಬರ್ 22ರ ಸಂಜೆ, ಎಲ್ಲರ ಜೊತೆಗೆ. ಆಗ ಅವರು ಏನೂ ಅಂದಿರಲಿಲ್ಲ. ಅವತ್ತು ಅಂದರು.

"ನಂಗೆ ಆಗಸ್ಟಲ್ಲೇ ಗೊತ್ತಿತ್ತು. ಬೇಲೂರಲ್ಲಿ ನಿನ್ನ ನೋಡಿದ್ನಂತೆ ಆ ರೈಟರು, ಬಂದು ನನ್ನ ಹತ್ರನೇ ಕೇಳಿದ. ಮೇಡಂ ಅವ್ರ ನೆಂಟರ ಮನೆ ಅದೆ ಅಲ್ಲಿ, ಯಾರಿಗೂ ಹೇಳ್ಬೇಡ ಅಂದೆ. ಅವನು ಹೇಳ್ಲಿಲ್ಲ." ಸ್ವಲ್ಪ ತಡೆದು, "ನೀನೇ ಹೇಳ್ತೀಯ ಅಂತ ದಿನಾ ಕಾಯ್ತಿದ್ದೆ" ಅಂದರು.

ಧಣಿಗಳಿಗೆ ಯಾವಾಗ ಹೇಳುವುದು, ಹೇಗೆ ಹೇಳುವುದು ಅಂತ ನಾಲ್ಕು ತಿಂಗಳು ತಲೆ ಕೆಡಿಸಿಕೊಂಡವಳು ನಾನು. ನಮ್ಮಿಬ್ಬರ ಡಬ್ಬಿಯ ಮಧ್ಯೆ ಒಂದು ಗೇಣು ಜಾಗ ಇರುತ್ತಿತ್ತು. ಅಕ್ಕನಿಗೆ ಹೇಳಬೇಕಾ ಬೇಡವಾ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಅವರ ಬಾಯಿಂದ ಹೊರಗೆ ಹೋದೀತು ಅಂತ ಎಲ್ಲೋ ಒಳಗೆ ಅಂದುಕೊಂಡಿದ್ದೆ. ಅವರು ನನ್ನ ಗುಟ್ಟನ್ನು ನನಗಿಂತ ಚೆನ್ನಾಗಿ ಕಾದಿದ್ದರು.

"ತಪ್ಪಾಯ್ತು ಅಕ್ಕ" ಅಂದೆ. ಅವರು ಉತ್ತರ ಕೊಡಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು, ಅಕ್ಕಿರೊಟ್ಟಿಯನ್ನು ಎರಡು ಮಾಡಿ, ದೊಡ್ಡ ತುಂಡನ್ನು ನನ್ನ ತಟ್ಟೆಗೆ ಹಾಕಿದರು.